ಬರದ ಸೀಮೆಯಲ್ಲಿ ನೆರೆ

ಕೋಲಾರದವರ ಮುಂದೆ ನೆರೆಯ ಮಾತೆತ್ತಿದರೆ ನಗುವವರೇ ಹೆಚ್ಚು. ವರ್ಷಕ್ಕೆ ಸುಮಾರು 700-750 ಮಿಲಿಮೀಟರು ಮಳೆ ಬಿದ್ದರೆ ಸಮಾಧಾನಪಡುವ ಸೀಮೆ ಇದು. ಸಾವಿರ ಅಡಿಗೂ ಮಿಕ್ಕಿ ಕೊಳವೆ ಬಾವಿ ಕೊರೆಸಿ, ಧೂಳು ಮಾತ್ರ ಕಂಡು ಹಿಂದಿರುಗಿದ ರೈತರು ಊರೂರಿಗೂ ಇದ್ದಾರೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೃಷ್ಣೆಯ ದಂಡೆಯವರ ಭಯ ನಮಗೇಕೆ ಎಂದು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಗೃಹಸ್ಥರು ಕೇಳಿದರೆ ಆಶ್ಚರ್ಯವಿಲ್ಲ. ಆದರೂ ಈ ಒಣ ಸೀಮೆಯಿಂದ ಹೊರಟ ನೀರು ಕೆಳಗಿನ ಒಂದು ಪೇಟೆಯನ್ನು ಹಾಳುಗೆಡವಿದ ಸಂಗತಿ ಚರಿತ್ರೆಯಲ್ಲಿದೆ.

ನಮ್ಮ ಪಾಲಾರ್ ನದಿ ಕೋಲಾರ ಜಿಲ್ಲೆಯನ್ನು ಹಾಯ್ದು, ಬೇತಮಂಗಲವನ್ನು ದಾಟಿ, ಆಂಧ್ರದ ಅಂಚನ್ನು ಮುಟ್ಟಿ ತಮಿಳುನಾಡಿಗೆ ಇಳಿಯುತ್ತದೆ. ಅಲ್ಲಿ ಅದರ ದಡದಲ್ಲಿ ತೊಗಲು ಹದಮಾಡುವುದಕ್ಕೆ ಹೆಸರಾದ ವಾಣಿಯಂಬಾಡಿ ಎಂಬ ಊರಿದೆ. 1903ರ ನವೆಂಬರಿನಲ್ಲಿ ಆಗಿನ ಮೈಸೂರು ಸಂಸ್ಥಾನದ ಈ ಭಾಗದಲ್ಲಿ ಎಡೆಬಿಡದೆ ಮಳೆ ಸುರಿಯಿತು. ಪಾಲಾರಿನ ಮೇಲುಭಾಗದ ಕೆರೆಗಳು ಒಡೆದುವು. ನವೆಂಬರ್ 12ರಂದು ಆ ನೀರು ವಾಣಿಯಂಬಾಡಿಗೆ ನುಗ್ಗಿತು. ಸುಮಾರು ಇನ್ನೂರು ಮಂದಿ ಸತ್ತರು. ಅವರ ನೆನಪಿಗೆ ನಿಲ್ಲಿಸಿದ ಕಂಬ ಆ ಊರಿನಲ್ಲಿದೆ. ಸತ್ತವರು ಅಲ್ಲಿಯವರು, ನೀರು ಇಲ್ಲಿಯದು.

ಇದರಿಂದ ನಮ್ಮ ಕಡೆಯ ನೆರೆಯ ಸ್ವಭಾವ ತಿಳಿಯುತ್ತದೆ. ಬೇರೆಡೆಗಳಲ್ಲಿ ನೆರೆ ಹೊಳೆಯದು, ಇಲ್ಲಿ ಕೆರೆಯದು. ಈಗಿನ ಕೋಲಾರ ಜಿಲ್ಲೆಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಕೆರೆಗಳುಂಟು. ಮೇಲಿನ ಕೆರೆ ತುಂಬಿ ಹೆಚ್ಚಾದ ನೀರು ಕಾಲುವೆ ಹಿಡಿದು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ. ಹೀಗೆ ಸರಪಳಿಯಂತೆ ಸಾಗಿ ಕೋಲಾರ, ಮುಳಬಾಗಿಲುಗಳ ನೀರು ಬಹುಪಾಲು ಪಾಲಾರಿಗೂ, ಮಾಲೂರಿನ ಪಡುವಣ ನೀರು ದಕ್ಷಿಣ ಪಿನಾಕಿನಿಗೂ, ಶ್ರೀನಿವಾಸಪುರದ ಬಡಗಣ ನೀರು ಪಾಪಘ್ನಿಗೂ ಸೇರುತ್ತದೆ. ಬರದಲ್ಲಿ ಈ ಏರ್ಪಾಡಿನಷ್ಟು ಉಪಕಾರಿ ಮತ್ತೊಂದಿಲ್ಲ. ಆದರೆ ಮೇಲಿನ ಒಂದು ಏರಿ ಒಡೆದರೆ, ತಿಂಗಳುಗಟ್ಟಲೆ ಕೂಡಿಟ್ಟ ನೀರು ಒಂದೆರಡು ಗಳಿಗೆಯಲ್ಲಿ ಕೆಳಗಿನ ಕೆರೆಯ ಮೇಲೆ ಬೀಳುತ್ತದೆ. ಮಳೆನೀರನ್ನು ತಾಳಿದ್ದ ಏರಿ ಈ ಹೊಡೆತವನ್ನು ತಾಳಲಾರದು. ಸಾಲು ಸಾಲಾಗಿ ಕೆರೆಗಳು ಒಡೆಯುವುದು ಹೀಗೆ.

ನಮ್ಮ ಜಿಲ್ಲೆಯ ಆಗಿನ ಎಲ್ಲೆಯಲ್ಲಿದ್ದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ಇದನ್ನು ಹೈದರಾಬಾದಿನಲ್ಲಿ ಲೆಕ್ಕಹಾಕಿ ತೋರಿಸಿದರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಆ ನಗರ ಹಾಳಾದಾಗ ನಿಜಾಮರ ಸರ್ಕಾರ ಅವರನ್ನು ಕರೆಸಿಕೊಂಡಿತು. ನದಿಯ ಮೇಲುಸೀಮೆಯಲ್ಲಿ 788 ಕೆರೆಗಳಿದ್ದುವೆಂದೂ ಅವುಗಳಲ್ಲಿ 221 ಒಡೆದವೆಂದೂ ಅವರು ಕಂಡರು. ಅಲ್ಲಿಯೂ ನೆಲ ನಮ್ಮದರಂತೆ ಬಂಡೆಯದೇ, ಕೆರೆಗಳು ಮಣ್ಣಿನ ಏರಿಯವೇ.

ಮಣ್ಣಿನ ಏರಿಗೆ ಪ್ರಾಣವೆಂದರೆ ಕೋಡಿ. ತೆಲುಗು ಬಳಕೆಯುಳ್ಳ ನಮ್ಮ ಮೂಡಣ ಹಳ್ಳಿಗಳಲ್ಲಿ ಇದನ್ನೇ ಮೊರವ ಎಂದೂ ಕರೆಯುವುದುಂಟು. ತೂಬು ಗದ್ದೆಗೆ ನೀರು ಬಿಡುವ ಬಾಗಿಲು; ಕೋಡಿ ಹೆಚ್ಚಾದುದನ್ನು ಹೊರಗೆ ಕಳುಹಿಸುವ ದಾರಿ. ಏರಿಯ ತಲೆ ಕೋಡಿಗಿಂತ ಕೆಲವಡಿ ಎತ್ತರವಿರುತ್ತದೆ. ಈ ಅಂತರವೇ ಊರಿನ ರಕ್ಷಣೆ. ನೀರು ಏರಿಯ ತಲೆಯನ್ನು ದಾಟಿತೆಂದರೆ ಹಿಂಬದಿಯ ಮಣ್ಣನ್ನು ಕೊರೆದು ಇಳಿಯತೊಡಗುತ್ತದೆ; ಆಮೇಲೆ ಅದನ್ನು ತಡೆಯುವವರಿಲ್ಲ.

ಇನ್ನು ಕೆಲವು ಊರುಗಳ ಒಂದು ಅಭ್ಯಾಸವನ್ನು ಹೇಳಲೇಬೇಕು. ಇನ್ನಷ್ಟು ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳಿನ ಮೂಟೆ ಪೇರಿಸುತ್ತಾರೆ. ಬರ ಕಂಡವರ ಆಸೆ, ತಪ್ಪೆನ್ನಲು ನಾಲಗೆ ಬಾರದು. ಆದರೆ ಲೆಕ್ಕ ಬೇರೆ ಹೇಳುತ್ತದೆ. ಕೋಡಿಗೂ ಏರಿಯ ತಲೆಗೂ ಮೂರಡಿ ಅಂತರವಿದೆ ಎನ್ನಿ. ಮೂಟೆಗಳು ಅದರಲ್ಲಿ ಒಂದೂವರೆ ಅಡಿಯನ್ನು ತಿಂದರೆ ಕೋಡಿಯ ಶಕ್ತಿ ಅರ್ಧಕ್ಕೆ ಇಳಿಯುವುದಿಲ್ಲ. ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೋಡಿಯ ಮೇಲೆ ಹರಿಯುವ ನೀರು ದಪ್ಪವಾದಷ್ಟೂ ಅದರ ವೇಗವೂ ಹೆಚ್ಚುವುದರಿಂದ ಈ ಪರಿ.

ಹಿಂದಿನವರು ಇದನ್ನು ಬಲ್ಲರು. ಶಾಸನಗಳಲ್ಲಿ 'ಬಿತ್ತುವಟ್ಟ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಪಾಲನೆಗೆಂದು ಬಿಟ್ಟ ಭೂಮಿ ಅಥವಾ ಆದಾಯವೆಂದು ಅರ್ಥ. ಬೇತಮಂಗಲದ ಹಳೆಯ ಹೆಸರು ವಿಜಯಾದಿತ್ಯಮಂಗಲ. ಒಡೆದುಹೋಗಿದ್ದ ಅಲ್ಲಿಯ ಹಿರಿಯ ಕೆರೆಯನ್ನು ಹತ್ತನೆಯ ಶತಮಾನದಲ್ಲಿ ನೊಳಂಬರ ಅರಸನೊಬ್ಬ ಮತ್ತೆ ಕಟ್ಟಿಸಿದನೆಂದು ಶಾಸನ ಹೇಳುತ್ತದೆ. ಕೆರೆ ಕಟ್ಟಿಸುವುದು ಪುಣ್ಯವಾದರೆ ಒಡೆದ ಕೆರೆಯನ್ನು ಕಟ್ಟಿಸುವುದು ಅದಕ್ಕೂ ಮಿಗಿಲೆಂಬ ಭಾವನೆ ಇದ್ದಿತು. ನಿತ್ಯದ ಕೆಲಸಕ್ಕೆ ನೀರಗಂಟಿ ಇದ್ದ. ಗದ್ದೆಗಳಿಗೆ ನೀರು ಹಂಚುವುದಷ್ಟೇ ಅವನ ಕೆಲಸವಲ್ಲ. ಮಳೆಯ ರಾತ್ರಿ ಏರಿಯ ಮೇಲೆ ನಡೆದು, ಇಲಿಬಿಲದಲ್ಲಿ ನೀರು ಜಿನುಗುತ್ತಿದೆಯೆ, ಕೋಡಿಗೆ ಜೊಂಡು ಅಡ್ಡ ಬಿದ್ದಿದೆಯೆ ಎಂದು ನೋಡುವವನೂ ಅವನೇ.

ಕಾಲ ಬದಲಾಯಿತು. ಕೊಳವೆ ಬಾವಿ ಬಂದಮೇಲೆ ಕೆರೆಯ ನೀರಿನ ಹಂಗು ತಪ್ಪಿತು, ನೀರಗಂಟಿ ಮರೆಯಾದ. ಒಣಗಿದ ಕಾಲುವೆಯ ಮೇಲೆ ನಿವೇಶನಗಳೆದ್ದುವು. ಇಪ್ಪತ್ತು ವರ್ಷ ನೀರು ಕಾಣದ ಕಾಲುವೆಯನ್ನು ಕಾಲುವೆಯೆಂದು ಗುರುತಿಸುವವರು ಯಾರು? ಅಷ್ಟರಲ್ಲಿ 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಿತು. ಅಲ್ಲಿಂದ ಒಂದೊಂದಾಗಿ ಇತರ ಕೆರೆಗಳಿಗೆ ಹರಿಯಿತು. ಅಂತರ್ಜಲಕ್ಕೆ ಒಳ್ಳೆಯದಾಯಿತೆಂದು ಹೇಳುವವರೂ ನೀರಿನ ಗುಣವನ್ನು ಶಂಕಿಸುವವರೂ ಇದ್ದಾರೆ. ಆ ಚರ್ಚೆ ಇಲ್ಲಿ ಬೇಡ. ನೆರೆಯ ವಿಷಯದಲ್ಲಿ ಗಮನಿಸಬೇಕಾದುದು ಇಷ್ಟು: ಬೇಸಗೆಯಲ್ಲೂ ನೀರು ನಿಂತ ಕೆರೆಗೆ ಮಳೆಯನ್ನು ಹಿಡಿದಿಡಲು ಒಡಲಿನಲ್ಲಿ ಎಡೆ ಕಡಮೆ.

2021ರ ನವೆಂಬರಿನಲ್ಲಿ ಇದು ಕಣ್ಣಿಗೆ ಬಿತ್ತು. ಬಹುಕಾಲ ತುಂಬದಿದ್ದ ಕೆರೆಗಳು ಕೋಡಿ ಹರಿದುವು. ಜನ ಸಂಸಾರ ಸಮೇತ ಹೋಗಿ ನೋಡಿದರು, ಬಾಗಿನ ಅರ್ಪಿಸಿದರು. ಅದೇ ವೇಳೆಗೆ ತಗ್ಗಿನ ಬಡಾವಣೆಗಳಲ್ಲಿ ಮನೆಯೊಳಕ್ಕೆ ನೀರು ನುಗ್ಗಿತು, ರಾಗಿಯ ಹೊಲಗಳು ಮುಳುಗಿದುವು, ಕೆಳಗೆ ಪಾಲಾರಿನಲ್ಲಿ ಬಹುಕಾಲದಿಂದ ಕಾಣದ ಪ್ರವಾಹ ಬಂದಿತು. 1903ರಂತೆಯೇ ಇದೂ ನವೆಂಬರ್ ತಿಂಗಳು. ಸೆಪ್ಟೆಂಬರ್-ಅಕ್ಟೋಬರಿನ ಮಳೆಗೆ ನೆಲ ನೆನೆದು ಕೆರೆ ತುಂಬಿರುವಾಗ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಬಂದೊದಗುವ ಕಾಲ ಅದು.

ಆದ್ದರಿಂದ ರೇಡಿಯೋದಲ್ಲಿ ಕೊಲ್ಲಿಯ ಸುದ್ದಿ ಬಂದಾಗ ಮೋಡ ನೋಡಿದರೆ ಸಾಲದು. ನಮ್ಮ ಮನೆ ಯಾವ ಕೆರೆಯ ಕೆಳಗಿದೆ, ಅದರ ಕೋಡಿಯ ನೀರು ಯಾವ ಬೀದಿಯಾಗಿ ಹೋಗಬೇಕು ಎಂಬುದು ಗೊತ್ತಿರಬೇಕು. ಏರಿಯ ಹಿಂಬದಿಯಲ್ಲಿ ತಿಳಿನೀರು ಒಸರುವುದು ಹಲವು ಕೆರೆಗಳಲ್ಲಿ ಉಂಟು. ಅದು ಒಂದೇ ಸಮನಾಗಿದ್ದರೆ ಗಾಬರಿ ಬೇಡ, ಹೆಚ್ಚುತ್ತಿದೆಯೆ ಎಂದು ನೋಡುತ್ತಿದ್ದರಾಯಿತು. ಒಸರುವ ನೀರು ಕೆಂಪಗೆ ಕದಡಿ ಬಂದರೆ ಏರಿಯ ಒಳಗಿನ ಮಣ್ಣು ಕರಗಿ ಹೊರಬರುತ್ತಿದೆ ಎಂದು ಅರ್ಥ. ಆಗ ತಹಶೀಲ್ದಾರರ ಕಚೇರಿಗೆ ತಿಳಿಸಬೇಕು. ಏರಿಯ ಕೆಳಗಿನ ಮನೆಗಳವರು ಬೆಳಗಿನವರೆಗೆ ಕಾಯದೆ, ದನಕರುಗಳ ಹಗ್ಗ ಬಿಚ್ಚಿ, ಮಕ್ಕಳನ್ನೂ ಮುದುಕರನ್ನೂ ಕರೆದುಕೊಂಡು ಮೇಡಿಗೆ ಹೊರಡಬೇಕು.