ಬಳೆ ಮಂಟಪದ ಊರಲ್ಲಿ ದಿವಾನರ ಬಂಗಲೆ

ಯಳಂದೂರಿಗೆ ಬಂದವರು ಸಾಮಾನ್ಯವಾಗಿ ಬಸ್ಸಿನಿಂದ ಇಳಿಯುವುದೇ ಇಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಅವಸರ. ಸುವರ್ಣಾವತಿ ಹೊಳೆಯ ಬದಿಯ ಈ ಪುಟ್ಟ ಪಟ್ಟಣದಲ್ಲಿ ದಿವಾನ್ ಪೂರ್ಣಯ್ಯನವರ ಹೆಸರಿನ ಬಂಗಲೆಯೊಂದಿದೆ. ಒಂದು ಕಾಲಕ್ಕೆ ಜಹಗೀರ್ದಾರರ ಮನೆ, ಈಗ ವಸ್ತುಸಂಗ್ರಹಾಲಯ. ಇಳಿದು ನೋಡಬೇಕಾದದ್ದು ಇದನ್ನು, ಮತ್ತು ಇದಕ್ಕಿಂತ ಹೆಚ್ಚಾಗಿ ಇದೇ ಊರಿನ ಬಳೆ ಮಂಟಪವನ್ನು.

ಪೂರ್ಣಯ್ಯ ಈ ಊರಿನವರಲ್ಲ. ಕೊಯಮತ್ತೂರು ಸೀಮೆಯಲ್ಲಿ ಹುಟ್ಟಿದವರು. ಹೈದರಾಲಿಯ ಲೆಕ್ಕಪತ್ರ ನೋಡಿದರು, ಟಿಪ್ಪುವಿನ ಖಜಾನೆ ನೋಡಿಕೊಂಡರು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಪರವಾಗಿ ರಾಜ್ಯವನ್ನೇ ನಡೆಸಿದರು. ಮೂರು ಆಳ್ವಿಕೆಯಲ್ಲೂ ಅಧಿಕಾರ ಕೈಬಿಡದ ಈ ಮನುಷ್ಯನನ್ನು ಹೊಗಳುವವರಿದ್ದಂತೆ ಬೈಯುವವರೂ ಇದ್ದಾರೆ. ಲೆಕ್ಕದಲ್ಲಿ ಅವರನ್ನು ಮೀರಿಸಿದವರಿರಲಿಲ್ಲ ಎಂಬುದನ್ನು ಮಾತ್ರ ಇಬ್ಬರೂ ಒಪ್ಪುತ್ತಾರೆ. ಈ ಸೇವೆಗೆ ಪ್ರತಿಯಾಗಿ 1807ರ ಡಿಸೆಂಬರಿನಲ್ಲಿ ಯಳಂದೂರು ಅವರಿಗೆ ಜಹಗೀರಾಗಿ ಸಂದಿತು. ವರ್ಷಕ್ಕೆ ಹತ್ತು ಸಾವಿರ ಕಂಠೀರಾಯ ವರಹದ ಹುಟ್ಟುವಳಿ ಇದ್ದ ನಾಡು ಅದು. ಆದರೆ 1811ರವರೆಗೂ ದಿವಾನಗಿರಿ, ಮರುವರ್ಷ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲಿ ಸಾವು. ಜಹಗೀರು ಅವರ ಕೈಯಲ್ಲಿದ್ದದ್ದು ಐದು ವರ್ಷವೂ ಅಲ್ಲ. ಯಳಂದೂರನ್ನು ತಲೆಮಾರುಗಟ್ಟಲೆ ಅನುಭವಿಸಿದವರು ಅವರ ವಂಶದವರು.

ಆ ವಂಶದ ಪಿ.ಎನ್. ಕೃಷ್ಣಮೂರ್ತಿಯವರೂ 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು. ಪಕ್ಕದ ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋದದ್ದು (1902), ಬೆಂಗಳೂರಿನಲ್ಲಿ ದೀಪ ಹೊತ್ತಿದ್ದು (1905) ಅವರ ಕಾಲದಲ್ಲೇ. ಯೋಜನೆ ಅವರಿಗಿಂತ ಹಿಂದೆ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಅವರದು, ಅದನ್ನು ಮರೆಯುವಂತಿಲ್ಲ.

ಈ ಸೀಮೆಯ ಕಲ್ಲುಕೆಲಸ ನೋಡುವ ಮೊದಲು ಆಗಿನ ಇಂಗ್ಲಿಷರ ಕಟ್ಟಡಗಳನ್ನು ನೆನೆಯಬೇಕು. ಪೂರ್ಣಯ್ಯನವರಿಗೆ ಜಹಗೀರು ಸಿಕ್ಕ ಕಾಲಕ್ಕೆ ಇಂಗ್ಲೆಂಡಿನಲ್ಲಿ ಮೂರನೇ ಜಾರ್ಜ್ ದೊರೆ. ನಾಲ್ವರು ಜಾರ್ಜ್‌ಗಳ ಆಳ್ವಿಕೆಯಲ್ಲಿ ಲಂಡನ್, ಬಾತ್ ಪಟ್ಟಣಗಳಲ್ಲಿ ಎದ್ದ, ನಮ್ಮ ಅಗ್ರಹಾರಗಳಂತೆ ಗೋಡೆಗೆ ಗೋಡೆ ತಾಗಿಸಿ ನಿಂತ ಸಾಲುಮನೆಗಳನ್ನು ಅಲ್ಲಿಯವರು ಕಾನೂನಿನ ರಕ್ಷಣೆಯಲ್ಲಿ ಇಟ್ಟುಕೊಂಡಿದ್ದಾರೆ. ಅಳತೆ ತಪ್ಪದ ಕಿಟಕಿ, ಗ್ರೀಕ್–ರೋಮನ್ ಮಾದರಿಯ ಕಂಬ, ಹೆಚ್ಚು ಕೆತ್ತನೆಯಿಲ್ಲದ ಮುಖ: ಇದು ಆ ಮನೆಗಳ ಶೈಲಿ. ಮೈಸೂರಿಗೆ ಅದನ್ನು ತಂದವರು ಇಂಗ್ಲಿಷ್ ಕಂಪನಿಯ ಪ್ರತಿನಿಧಿಗಳಾದ ರೆಸಿಡೆಂಟರು. ಮಾರ್ಕ್ ವಿಲ್ಕ್ಸ್ ಕಾಲದಲ್ಲಿ, 1805ರಲ್ಲಿ ಶುರುವಾದ ರೆಸಿಡೆಂಟರ ಬಂಗಲೆಗೆ, ಅಂದರೆ ಇಂದಿನ ಸರ್ಕಾರಿ ಅತಿಥಿಗೃಹಕ್ಕೆ, ಡೋರಿಕ್ ಕಂಬಗಳಿವೆ. ಅದರ ನಡುಗಂಬವಿಲ್ಲದ ದೊಡ್ಡ ಕೋಣೆ ಡಿ ಹ್ಯಾವಿಲೆಂಡ್ ಎಂಬ ಎಂಜಿನಿಯರನ ಕೈಚಳಕ.

ಆ ರುಚಿ ಯಳಂದೂರು, ಪಕ್ಕದ ಕೊಳ್ಳೇಗಾಲ ಸೀಮೆಯ ಕಲ್ಲುಕೆಲಸಕ್ಕೆ ಹತ್ತಲೇ ಇಲ್ಲ. ಯಾಕೆಂಬುದು ಯಳಂದೂರಿನ ಗೌರೀಶ್ವರ ಗುಡಿಯ ಮುಂದೆ ನಿಂತರೆ ತಿಳಿಯುತ್ತದೆ. ಹದಿನಾಡಿನ ಪಾಳೆಯಗಾರರು ಕಟ್ಟಿಸಿದ ಗುಡಿ ಅದು, ಸಂರಕ್ಷಿತ ಸ್ಮಾರಕ. ಆ ಮನೆತನದ ಮುದ್ದರಾಜ 1654ರ ಸುಮಾರಿಗೆ ಸೇರಿಸಿದ ಮಹಾದ್ವಾರಕ್ಕೆ ಗೋಪುರವಿಲ್ಲ. ಗೋಪುರ ಇದ್ದಿದ್ದರೆ ಕಣ್ಣು ಮೇಲೇ ಉಳಿಯುತ್ತಿತ್ತು. ಇಲ್ಲಿ ನೇರ ಗೋಡೆಗೇ ಬರುತ್ತದೆ. ದಕ್ಷಿಣಾಮೂರ್ತಿ, ನರಸಿಂಹ, ಭೈರವ, ಕಾದಾಡುವ ವಾಲಿ–ಸುಗ್ರೀವರು ಒತ್ತೊತ್ತಾಗಿ ನಿಂತಿದ್ದಾರೆ. ಮೂಲೆಗಳಲ್ಲಿ ಕಲ್ಲಿನ ಬಳೆಗಳ ಸರಪಳಿ. ಈ ಮಹಾದ್ವಾರಕ್ಕೆ ಬಳೆ ಮಂಟಪವೆಂಬ ಹೆಸರು ಬಂದದ್ದು ಅದರಿಂದ. ಕಬ್ಬಿಣದ ಸರಪಳಿಯಾದರೆ ಬಳೆ ಮಾಡಿ, ಬಾಯಿ ಬಿಚ್ಚಿ ಕೋದು ಮತ್ತೆ ಬೆಸೆಯಬಹುದು. ಕಲ್ಲಿಗೆ ಬೆಸುಗೆಯಿಲ್ಲ. ಒಂದೇ ಕಲ್ಲಿನ ಒಳಗಿನಿಂದಲೇ ಒಂದೊಂದು ಬಳೆಯನ್ನು ಅದರ ನೆರೆಯ ಬಳೆಯಿಂದ ಬಿಡಿಸಿಕೊಂಡು ಬರಬೇಕು. ಕೊನೆಯ ಬಳೆಯಲ್ಲಿ ಉಳಿ ಜಾರಿದರೂ ಹಿಂದಿನದೆಲ್ಲ ಹೋಯಿತು. ಕಂಚಿಯ ವರದರಾಜನ ಗುಡಿಯ ಇಂಥದೇ ಸರಪಳಿ ನೋಡಲು ಜನ ದೂರದಿಂದ ಹೋಗುತ್ತಾರೆ. ಯಳಂದೂರಿನದಕ್ಕೆ ಆ ಭಾಗ್ಯವಿಲ್ಲ.

ಕಂಬ ನೆಟ್ಟು, ಅದರ ಮೇಲೆ ತೊಲೆ ಹೊದಿಸುವ ಈ ಗುಡಿಯ ವಿದ್ಯೆಯೇ ಹೊಳೆಗೂ ಇಳಿಯಿತು. ಶಿವನಸಮುದ್ರದಲ್ಲಿ ಕಾವೇರಿಯ ಕವಲುಗಳಿಗೆ ಸೇತುವೆ ಕಟ್ಟಿಸಿದ ರಾಮಸ್ವಾಮಿ ಮೊದಲಿಯಾರ್ ಮೈಸೂರು ರೆಸಿಡೆಂಟರ ನಂಬಿಗೆಯ ಆಳು. ಡೋರಿಕ್ ಕಂಬದ ಬಂಗಲೆಯ ನಂಟಿದ್ದವರು. ಆದರೂ 1830ರ ಆಸುಪಾಸಿಗೆ ಎರಡೂ ಸೇತುವೆ ಮುಗಿದಾಗ ಅಲ್ಲಿ ಕಮಾನಿಲ್ಲ: ಬಂಡೆಯ ತಳದಲ್ಲಿ ನಿಂತ ಕಡೆದ ಕಲ್ಲುಕಂಬ, ಮೇಲೆ ಕಲ್ಲಿನ ತೊಲೆ. ಪೂರ್ಣಯ್ಯ 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಕಟ್ಟಿಸಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಸೇತುವೆಯೂ ಇದೇ ಜಾತಿಯದು. ಹೆಸರು ಇಂಗ್ಲಿಷರದು, ಕಟ್ಟು ನಮ್ಮದು. ಮೊದಲಿಯಾರರಿಗೆ ಕಂಪನಿ ಸರ್ಕಾರ ‘ಜನೋಪಕಾರ ಕಾಮಕರ್ತ’ ಎಂಬ ಬಿರುದು ಕೊಟ್ಟಿತು, ಜಹಗೀರೂ ಸಿಕ್ಕಿತು. ಹೀಗೆ ಅಕ್ಕಪಕ್ಕದಲ್ಲಿ ಇಬ್ಬರು ಜಹಗೀರ್ದಾರರು. ನಡುವೆ ಗಡಿ ಬೇರೆ: ಯಳಂದೂರು ಮೈಸೂರಿನದು, ಕೊಳ್ಳೇಗಾಲ ಮದರಾಸಿನ ಕೊಯಮತ್ತೂರು ಜಿಲ್ಲೆಯದು. ಹನೂರನ್ನೂ ಒಳಗೊಂಡಿದ್ದ ಆ ಕೊಳ್ಳೇಗಾಲ ತಾಲ್ಲೂಕು ಕನ್ನಡ ನಾಡಿಗೆ ಸೇರಿದ್ದು 1956ರ ನವೆಂಬರ್ 1ರಂದು.

ಶಿವನಸಮುದ್ರದ ಆ ಎರಡು ಸೇತುವೆಗಳಲ್ಲಿ ಜನರ ಬಾಯಲ್ಲಿ ‘ವೆಸ್ಲಿ ಸೇತುವೆ’ಯಾದದ್ದರ ಒಂದು ಭಾಗವನ್ನು 2018ರ ಮುಂಗಾರಿನ ಪ್ರವಾಹ ಕೊಚ್ಚಿಕೊಂಡು ಹೋಯಿತು. ಬಂಗಲೆಗೆ ಸಿಕ್ಕ ಆರೈಕೆ ಇದಕ್ಕೂ ಹೊತ್ತಿಗೆ ಸಿಕ್ಕಿದ್ದರೆ ಚೆನ್ನಾಗಿತ್ತು. ದಿವಾನರ ಮನೆ ಹಲವೂರಲ್ಲಿ ಸಿಗುತ್ತದೆ, ಇಂಥ ಸೇತುವೆ ಸಿಗುವುದಿಲ್ಲ.

ಹೋಗುವವರಿಗೆ ದಾರಿ ಸಲೀಸು. ಕೊಳ್ಳೇಗಾಲ–ಚಾಮರಾಜನಗರ ರಸ್ತೆಯಲ್ಲೇ ಯಳಂದೂರು. ಬೆಳಿಗ್ಗೆ ಬಂಗಲೆ, ಬಳೆ ಮಂಟಪ ಮುಗಿಸಿ ಕೊಳ್ಳೇಗಾಲಕ್ಕೆ ಮರಳಿ, ಸತ್ತೇಗಾಲದ ಕಡೆಯಿಂದ ಶಿವನಸಮುದ್ರಕ್ಕೆ ಹೋಗಬಹುದು. ಮಂಟಪದ ಕಂಬ–ತೊಲೆಗಳನ್ನು ಮೊದಲು ನೋಡಿಕೊಂಡಿದ್ದರೆ, ಮುರಿದ ಸೇತುವೆಯಲ್ಲಿ ಯಾವುದು ಯಾವುದರ ಮೇಲೆ ಕೂತಿತ್ತೆಂದು ಯಾರನ್ನೂ ಕೇಳಬೇಕಾಗಿಲ್ಲ.