ಹಳೆಯ ಕಾರಿನಲ್ಲಿ ‘ಅಸಲು’ ಯಾವುದು?

ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆ ಪುಣಜನೂರಿನ ಬಳಿ ರಾಜ್ಯದ ಗಡಿ ದಾಟಿ, ಹಾಸನೂರು ಹಾದು, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಿ ಬಯಲಿಗೆ ಇಳಿಯುತ್ತದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಹಳೆಯ ಅಂಬಾಸಿಡರ್ ಒಂದು ಈ ಘಾಟಿ ಇಳಿಯುತ್ತಿದೆ ಎಂದುಕೊಳ್ಳಿ. ಜನರೂ ಸೇರಿ ಅದರ ತೂಕ 1,500 ಕಿಲೋಗ್ರಾಂ ಎಂದಿಟ್ಟುಕೊಂಡರೆ, ಪ್ರತಿ 100 ಮೀಟರ್ ಎತ್ತರ ಇಳಿದಾಗಲೂ ಸುಮಾರು 14.7 ಲಕ್ಷ ಜೌಲ್ ಶಕ್ತಿ ಹೊರಬೀಳುತ್ತದೆ. ನಾಲ್ಕೂವರೆ ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು! ಎಂಜಿನ್ ತಡೆಯುವ ಪಾಲನ್ನು ಕಳೆದರೆ ಉಳಿದದ್ದರಲ್ಲಿ ಹೆಚ್ಚಿನದು ಬ್ರೇಕಿನಲ್ಲಿ ಶಾಖವಾಗುತ್ತದೆ. ಡ್ರಮ್ ಕಾದು ಹಿಗ್ಗುತ್ತದೆ, ಲೈನರಿನ ಘರ್ಷಣೆ ಕುಗ್ಗುತ್ತದೆ, ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ.

ಹಾಗಾದರೆ ಬೇಗನೆ ಶಾಖ ಬಿಟ್ಟುಕೊಡುವ ಡಿಸ್ಕ್ ಬ್ರೇಕ್ ಹಾಕಿಸಬಹುದೇ? ಹಳೆಯ ಕಾರುಗಳ ಅಭಿಮಾನಿಗಳಲ್ಲಿ ವಾದ ಹುಟ್ಟುವುದು ಇಲ್ಲಿಯೇ. ಕಾರ್ಖಾನೆಯಿಂದ ಬಂದಂತೆಯೇ ಇರಬೇಕು, ಮಾಸಿದ ಬಣ್ಣವೂ ಚರಿತ್ರೆಯೇ ಎನ್ನುವವರು ಕೆಲವರು. ಟಿಂಕರಿಂಗ್ ಮಾಡಿಸಿ, ಹೊಸ ಬಣ್ಣ ಹೊಡೆಸಿ, ಮದುವಣಗಿತ್ತಿಯಂತೆ ಹೊಳೆಯಿಸಬೇಕು ಎನ್ನುವವರು ಇನ್ನು ಕೆಲವರು. ಓಡಿಸದ ಕಾರು ಕಾರೇ ಅಲ್ಲ ಎನ್ನುವುದು ಮೂರನೆಯವರ ಮಾತು.

ಈ ವಾದ ಒಮ್ಮೆ ಲಂಡನ್ನಿನ ನ್ಯಾಯಾಲಯದ ಕಟ್ಟೆಯನ್ನೂ ಹತ್ತಿತ್ತು. ಫ್ರಾನ್ಸಿನ ಲೆಮಾನ್ 24 ಗಂಟೆಗಳ ಸ್ಪರ್ಧೆಯನ್ನು 1929 ಹಾಗೂ 1930ರಲ್ಲಿ ಗೆದ್ದ ಬೆಂಟ್ಲಿ ಕಾರು ‘ಓಲ್ಡ್ ನಂಬರ್ ಒನ್’. 1990ರಲ್ಲಿ ಅದು ಒಂದು ಕೋಟಿ ಪೌಂಡಿಗೆ ಮಾರಾಟಕ್ಕೆ ಕುದುರಿತು. ಆದರೆ ಅದು ಅಸಲಿ ಕಾರಲ್ಲ ಎಂದು ಕೊಳ್ಳುವವರು ತಕರಾರು ತೆಗೆದರು. ಗೆದ್ದಾಗಿನ ಭಾಗಗಳು ಅದರಲ್ಲಿ ತೀರಾ ಅಲ್ಪವಾಗಿ ಉಳಿದಿದ್ದುದು ನಿಜ. ಆದರೂ ಆ ಕಾರಿನ ಬದುಕು ಎಲ್ಲಿಯೂ ಕಡಿದುಹೋಗಿಲ್ಲ, ಬದಲಾವಣೆಗಳ ಮೂಲಕವೂ ಅದು ಒಂದೇ ಕಾರಾಗಿ ಮುಂದುವರಿದಿದೆ ಎಂದು ನ್ಯಾಯಾಧೀಶರು ತೀರ್ಪಿತ್ತರು. ಅಂದರೆ, ಅಸಲುತನ ಬರಿಯ ಲೋಹದಲ್ಲಿಲ್ಲ. ಕಡಿಯದ ಚರಿತ್ರೆಯಲ್ಲಿಯೂ ಇದೆ.

ಮುಟ್ಟದೆ ಮುಚ್ಚಿಟ್ಟರೆ ಕಾರು ಉಳಿಯುತ್ತದೆ ಎಂಬುದೂ ಭ್ರಮೆಯೇ. ಕಬ್ಬಿಣ, ತೇವ, ಆಮ್ಲಜನಕ ಸೇರಿದ ಕಡೆ ತುಕ್ಕು ತಪ್ಪದು. ಓಡದ ಎಂಜಿನ್ನಿನಲ್ಲಿ ಎಣ್ಣೆಯ ಪೊರೆ ಇಳಿದುಹೋಗಿ ಪಿಸ್ಟನ್ ಕಚ್ಚಿಕೊಳ್ಳಬಹುದು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನು ಹಾಳುಮಾಡುತ್ತದೆ. ಕೊಳವೆ ಬದಲಿಸದಿದ್ದರೆ ಪೆಟ್ರೋಲ್ ಸೋರಿ ಬೆಂಕಿಯ ಅಪಾಯವೂ ಉಂಟು.

ಕಾನೂನು ಏನನ್ನುತ್ತದೆ? ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಹೆಚ್ಚಿನ ಮಾರ್ಪಾಡು ಆಗದ ಗಾಡಿಗೆ ‘ವಿಂಟೇಜ್’ ಮನ್ನಣೆ. ಅದರ ನಂಬರಿನಲ್ಲಿ ‘ವಿಎ’ ಅಕ್ಷರಗಳಿರುತ್ತವೆ. ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದ ಕೆಲಸಗಳಿಗಷ್ಟೇ ಅದು ರಸ್ತೆಗಿಳಿಯಬೇಕು; ನಿತ್ಯದ ಓಡಾಟಕ್ಕಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ‘ಫಿವಾ’ ರೂಪಿಸಿದ ಟ್ಯೂರಿನ್ ಸನ್ನದು ಕೂಡ ಕಾರನ್ನು ಕಾಪಾಡುವುದರ ಜೊತೆಗೆ ಅದರ ಬಳಕೆಗೂ ಬೆಲೆ ಕೊಡುತ್ತದೆ. ಆದರೆ ಮಾಡಿದ ಬದಲಾವಣೆ ದಾಖಲಾಗಬೇಕು.

ಹೀಗೆ ನೋಡಿದರೆ ಘಾಟಿ ಇಳಿಯುವ ಅಂಬಾಸಿಡರ್‌ಗೆ ಉತ್ತರ ಸಿಗುತ್ತದೆ. ಕೊರೆಯದೆ, ಕತ್ತರಿಸದೆ, ಬೇಕೆಂದಾಗ ಬಿಚ್ಚಲು ಬರುವಂತೆ ಬಲ್ಲ ಮೆಕ್ಯಾನಿಕ್‌ನಿಂದ ಡಿಸ್ಕ್ ಬ್ರೇಕ್ ಹಾಕಿಸಿ, ಅದಕ್ಕೆ ಸಾರಿಗೆ ಕಚೇರಿಯ ಒಪ್ಪಿಗೆ ಪಡೆದರೆ ಕಾರಿನ ಮಾನಕ್ಕೇನೂ ಕುಂದಿಲ್ಲ. ಜೀವಕ್ಕಿಂತ ಅಸಲುತನ ದೊಡ್ಡದಲ್ಲ. ಬಿಚ್ಚಿದ ಡ್ರಮ್ಮುಗಳನ್ನು ಗುಜರಿಗೆ ಹಾಕದೆ, ಗ್ರೀಸ್ ಸವರಿ ಎತ್ತಿಡಬೇಕು. ಏನು, ಯಾವಾಗ, ಏಕೆ ಬದಲಾಯಿತೆಂದು ಬರೆದಿಡಬೇಕು. ಬದಲಿಗೆ ಹಳೆಯ ಬಣ್ಣವನ್ನು ಉಜ್ಜಿ ತೆಗೆದರೆ ಅದು ಮತ್ತೆ ಬಾರದು.

ತಾತನ ಸ್ಕೂಟರ್ ಮನೆಯ ಮೂಲೆಯಲ್ಲಿದ್ದರೆ, ಗ್ಯಾರೇಜಿಗೆ ಒಯ್ಯುವ ಮುನ್ನ ವಿದ್ಯಾರ್ಥಿಗಳು ಅದರ ಫೋಟೊ ತೆಗೆದು, ಎಂಜಿನ್ ನಂಬರ್ ಬರೆದುಕೊಂಡು, ಅದು ಮನೆಗೆ ಬಂದ ಕಥೆಯನ್ನು ಹಿರಿಯರಿಂದ ಕೇಳಿ ದಾಖಲಿಸಲಿ. ತುಕ್ಕು ಹಿಡಿದ ತಗಡನ್ನು ಮೆಕ್ಯಾನಿಕ್ ಬದಲಿಸಬಲ್ಲ, ಮರೆತುಹೋದ ಚರಿತ್ರೆಯನ್ನಲ್ಲ.