ಸಂಶೋಧನಾ ಅನುದಾನದ ಅರ್ಜಿ: ಅಮೆರಿಕದ ವೈದ್ಯಕೀಯ ಶಾಲೆಗಳಲ್ಲಿ ಕಚೇರಿಯ ಸುತ್ತೋಲೆಗೆ ಏಕಿಷ್ಟು ಮಹತ್ವ?

ಅಮೆರಿಕದ ವಿಶ್ವವಿದ್ಯಾಲಯಗಳ ವೈದ್ಯಕೀಯ ಶಾಲೆಗಳಲ್ಲಿ ಕ್ಯಾನ್ಸರ್, ಮಧುಮೇಹ, ಹೃದ್ರೋಗ ಮುಂತಾದ ಕಾಯಿಲೆಗಳ ಬಗ್ಗೆ ನಡೆಯುವ ಸಂಶೋಧನೆಗೆ ದೊಡ್ಡ ಪಾಲು ಹಣ ಬರುವುದು ಅಲ್ಲಿನ ಕೇಂದ್ರ ಸರ್ಕಾರದ ಎನ್‌ಐಎಚ್‌ನಿಂದ. ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಎಂಬುದು ಅದರ ಪೂರ್ಣ ಹೆಸರಿನ ಅರ್ಥ. ಇದರ ಅಡಿಯಲ್ಲಿ 27 ಸಂಸ್ಥೆ ಹಾಗೂ ಕೇಂದ್ರಗಳಿವೆ. ಕರ್ನಾಟಕದಿಂದ ಹೋಗಿ ಅಲ್ಲಿ ಸಂಶೋಧನೆ ಮಾಡುತ್ತಿರುವ ಅನೇಕ ಯುವಕ ಯುವತಿಯರ ಸಂಬಳವೂ ಇಂತಹ ಅನುದಾನದಿಂದಲೇ ಬರುತ್ತದೆ. "ಗ್ರಾಂಟ್ ಬಂದರೆ ಕೆಲಸ ಮುಂದುವರಿಯುತ್ತದೆ" ಎಂದು ಮಕ್ಕಳು ಫೋನಿನಲ್ಲಿ ಹೇಳಿದಾಗ ಮನೆಯ ಹಿರಿಯರಿಗೆ ಅದರ ಹಿಂದಿನ ವ್ಯವಸ್ಥೆ ತಿಳಿದಿರುವುದಿಲ್ಲ. ಆ ವ್ಯವಸ್ಥೆಯ ಸಂಕ್ಷಿಪ್ತ ಪರಿಚಯ ಇಲ್ಲಿದೆ.

ಅರ್ಜಿದಾರ ಯಾರು?

ಮೊದಲು ತಿಳಿಯಬೇಕಾದ ವಿಷಯ ಇದು: ಅರ್ಜಿಯನ್ನು ಬರೆಯುವವರು ಸಂಶೋಧಕರು, ಆದರೆ ನಿಯಮದ ಪ್ರಕಾರ ಅರ್ಜಿದಾರ ವಿಶ್ವವಿದ್ಯಾಲಯ. ಹಣ ಬರುವುದು ಅದರ ಖಾತೆಗೆ, ಲೆಕ್ಕ ಒಪ್ಪಿಸುವ ಹೊಣೆಯೂ ಅದರದೇ. ಆದ್ದರಿಂದ ಪ್ರಾಧ್ಯಾಪಕರು ಎಷ್ಟೇ ದೊಡ್ಡವರಾಗಿರಲಿ, ವಿಶ್ವವಿದ್ಯಾಲಯದ ಅಧಿಕೃತ ಪ್ರತಿನಿಧಿಯ ಒಪ್ಪಿಗೆ ಇಲ್ಲದೆ ಅರ್ಜಿ ಹೋಗುವುದಿಲ್ಲ. ಈ ಕೆಲಸಕ್ಕಾಗಿಯೇ ವೈದ್ಯಕೀಯ ಶಾಲೆಗಳಲ್ಲಿ ಪ್ರತ್ಯೇಕ ಕಚೇರಿ ಇರುತ್ತದೆ. ನಿಯಮ ಬದಲಾದಾಗಲೆಲ್ಲ ಈ ಕಚೇರಿ ಸುತ್ತೋಲೆ ಕಳುಹಿಸುತ್ತದೆ. ಅದನ್ನು ಓದದೆ ಬಿಟ್ಟವರು ತೊಂದರೆಗೆ ಸಿಲುಕುತ್ತಾರೆ.

ಗಡುವಿನ ಲೆಕ್ಕ

ಎನ್‌ಐಎಚ್‌ನ ಹೆಸರಾದ ಅನುದಾನವೆಂದರೆ ಆರ್-01. ಹೊಸ ಅರ್ಜಿಗಳಿಗೆ ವರ್ಷಕ್ಕೆ ಮೂರು ಸಾಮಾನ್ಯ ಗಡುವುಗಳಿವೆ: ಫೆಬ್ರವರಿ 5, ಜೂನ್ 5 ಮತ್ತು ಅಕ್ಟೋಬರ್ 5. ಸಂಸ್ಥೆ ಇರುವ ಊರಿನ ಸಮಯದ ಪ್ರಕಾರ ಸಂಜೆ 5 ಗಂಟೆಯೊಳಗೆ ಅರ್ಜಿ ಸೇರಿರಬೇಕು. ಒಂದು ಸರದಿ ತಪ್ಪಿದರೆ ನಾಲ್ಕು ತಿಂಗಳು ಕಾಯಬೇಕು.

ಅರ್ಜಿ ಸೇರಿದ ಮೇಲೆ ಅದು ಸರಿಯಾಗಿ ಮೂಡಿದೆಯೇ ಎಂದು ನೋಡಿಕೊಳ್ಳಲು ಎರಡು ಕೆಲಸದ ದಿನಗಳ ಅವಕಾಶವಿದೆ. ಇಲ್ಲಿ ಹಲವರು ತಪ್ಪು ತಿಳಿಯುತ್ತಾರೆ. ಈ ಎರಡು ದಿನ ಗಡುವಿನ ವಿಸ್ತರಣೆಯಲ್ಲ. ತಿದ್ದಿದ ಅರ್ಜಿ ಗಡುವಿನ ನಂತರ ಹೋದರೆ ಅದು ತಡವಾದ ಅರ್ಜಿಯೇ. ಈ ಕಾರಣದಿಂದ ಕಚೇರಿಗಳು ತಮ್ಮದೇ ಆಂತರಿಕ ಗಡುವನ್ನು ಕೆಲವು ದಿನ ಮೊದಲೇ ಇಡುತ್ತವೆ. ಸಂಶೋಧಕರಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ಖರ್ಚಿನ ಅಂದಾಜು, ಸಹಿಗಳು, ಬೇರೆ ವಿಶ್ವವಿದ್ಯಾಲಯದ ಜೊತೆಗಾರರ ಪತ್ರಗಳು ಇವೆಲ್ಲವನ್ನೂ ನೋಡಿ, ತಪ್ಪಿದ್ದರೆ ತಿದ್ದಲು ಆ ದಿನಗಳೇ ಬೇಕು.

ವಿಶ್ವವಿದ್ಯಾಲಯದ ನೋಂದಣಿಯೂ ಚಾಲ್ತಿಯಲ್ಲಿರಬೇಕು. ಸರ್ಕಾರದ ಸ್ಯಾಮ್ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಪ್ರತಿ ವರ್ಷ ನವೀಕರಣ ಮಾಡಿಸಬೇಕು. ಅಂಗಡಿಯ ಪರವಾನಗಿ ಮುಗಿದರೆ ಒಳಗೆ ಎಷ್ಟು ಒಳ್ಳೆಯ ಸರಕಿದ್ದೂ ಪ್ರಯೋಜನವಿಲ್ಲ, ಹಾಗೆಯೇ ಇದು.

ಇತ್ತೀಚಿನ ಬದಲಾವಣೆಗಳು

2025ರಲ್ಲಿ ಒಂದರ ಹಿಂದೆ ಒಂದರಂತೆ ಹಲವು ಬದಲಾವಣೆಗಳು ಬಂದವು.

ಮೊದಲನೆಯದು, ಜನವರಿ 25ರಿಂದ ಹೊಸ ನಮೂನೆ. ಆ ದಿನದ ನಂತರದ ಗಡುವುಗಳಿಗೆ ಹಳೆಯ ನಮೂನೆಯಲ್ಲಿ ಅರ್ಜಿ ಸ್ವೀಕಾರವಿಲ್ಲ. ಹಳೆಯ ಕಡತವನ್ನೇ ತೆರೆದು ತುಂಬುವ ಅಭ್ಯಾಸದವರು ಎಚ್ಚರ ವಹಿಸಬೇಕಾಯಿತು.

ಎರಡನೆಯದು, ಅಂದಿನಿಂದಲೇ ಪರಿಶೀಲನೆಯ ಹೊಸ ಕ್ರಮ. ಮೊದಲು ಮಹತ್ವ, ಸಂಶೋಧಕರು, ಹೊಸತನ, ವಿಧಾನ, ಪರಿಸರ ಎಂಬ ಐದು ಅಂಶಗಳಿಗೂ ತಜ್ಞರು ಅಂಕ ಕೊಡುತ್ತಿದ್ದರು. ಈಗ ಮೂರು ಅಂಶಗಳು. ಸಂಶೋಧನೆಯ ಮಹತ್ವಕ್ಕೂ, ವಿಧಾನದ ಗಟ್ಟಿತನಕ್ಕೂ 1ರಿಂದ 9ರವರೆಗೆ ಅಂಕವಿದೆ. ಇಲ್ಲಿ 1 ಎಂದರೆ ಅತ್ಯುತ್ತಮ. ಸಂಶೋಧಕರ ಅನುಭವ ಮತ್ತು ಸಂಸ್ಥೆಯ ಸೌಲಭ್ಯಕ್ಕೆ ಅಂಕವಿಲ್ಲ, ಸಾಕಷ್ಟಿದೆಯೇ ಇಲ್ಲವೇ ಎಂದಷ್ಟೇ ನೋಡುತ್ತಾರೆ. ದೊಡ್ಡ ಹೆಸರಿನ ವಿಶ್ವವಿದ್ಯಾಲಯಕ್ಕೆ ಹೆಸರಿನ ಬಲದಿಂದಲೇ ಲಾಭವಾಗಬಾರದು ಎಂಬುದು ಇದರ ಉದ್ದೇಶ.

ಮೂರನೆಯದು, ಅರ್ಜಿಗಳ ಸಂಖ್ಯೆಗೆ ಮಿತಿ. ಒಬ್ಬ ಸಂಶೋಧಕರು ಒಂದೇ ಸರದಿಯಲ್ಲಿ 40ಕ್ಕೂ ಹೆಚ್ಚು ಅರ್ಜಿ ಹಾಕಿದ ಪ್ರಕರಣವನ್ನು ಎನ್‌ಐಎಚ್ ತಿಳಿಸಿತು. ಕೃತಕ ಬುದ್ಧಿಮತ್ತೆಯಿಂದ ಅರ್ಜಿ ಬರೆಸುವುದು ಸುಲಭವಾದ ಕಾಲವಿದು. 2025ರ ಸೆಪ್ಟೆಂಬರ್ 25ರಿಂದ ಒಬ್ಬ ಪ್ರಧಾನ ಸಂಶೋಧಕರ ಹೆಸರಿನಲ್ಲಿ ಒಂದು ಕ್ಯಾಲೆಂಡರ್ ವರ್ಷಕ್ಕೆ ಆರು ಅರ್ಜಿಗಳು ಮಾತ್ರ. ತಿದ್ದಿ ಮತ್ತೆ ಹಾಕಿದ್ದೂ ಈ ಲೆಕ್ಕದಲ್ಲಿ ಸೇರುತ್ತದೆ. ಬಹುಪಾಲು ಯಂತ್ರವೇ ಬರೆದ ಅರ್ಜಿಯನ್ನು ಸಂಶೋಧಕರ ಸ್ವಂತ ವಿಚಾರವೆಂದು ಪರಿಗಣಿಸುವುದಿಲ್ಲ.

ನಾಲ್ಕನೆಯದು ಪರೋಕ್ಷ ವೆಚ್ಚದ ವಿವಾದ. ಪ್ರಯೋಗಕ್ಕೆ ನೇರವಾಗಿ ತಗಲುವ ಹಣದ ಮೇಲೆ ಕಟ್ಟಡ, ವಿದ್ಯುತ್, ಕಚೇರಿ ಸಿಬ್ಬಂದಿಗಾಗಿ ಸರ್ಕಾರ ಇಂತಿಷ್ಟು ಶೇಕಡಾ ಕೊಡುತ್ತದೆ. ಅನೇಕ ದೊಡ್ಡ ವೈದ್ಯಕೀಯ ಶಾಲೆಗಳಿಗೆ ಈ ದರ ಶೇ. 50ಕ್ಕಿಂತ ಹೆಚ್ಚು. 2025ರ ಫೆಬ್ರವರಿ 7ರಂದು ಎನ್‌ಐಎಚ್ ಎಲ್ಲರಿಗೂ ಶೇ. 15 ಎಂದು ಪ್ರಕಟಿಸಿತು. ರಾಜ್ಯಗಳು ಮತ್ತು ವಿಶ್ವವಿದ್ಯಾಲಯಗಳು ನ್ಯಾಯಾಲಯಕ್ಕೆ ಹೋದವು. ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಲಯ ಅದನ್ನು ಮೊದಲು ತಾತ್ಕಾಲಿಕವಾಗಿ, ಏಪ್ರಿಲ್‌ನಲ್ಲಿ ಶಾಶ್ವತವಾಗಿ ತಡೆಯಿತು. ಆ ಅವಧಿಯಲ್ಲಿ ಅರ್ಜಿಯಲ್ಲಿ ಯಾವ ದರ ಬರೆಯಬೇಕು ಎಂಬ ಪ್ರಶ್ನೆಗೂ ಕಚೇರಿಯ ಸುತ್ತೋಲೆಯನ್ನೇ ನೋಡಬೇಕಾಗಿತ್ತು.

ಅರ್ಜಿ ಹೋದ ಮೇಲೆ

ಫೆಬ್ರವರಿಯ ಅರ್ಜಿಯನ್ನು ತಜ್ಞರು ಪರಿಶೀಲಿಸುವುದು ಜೂನ್-ಜುಲೈನಲ್ಲಿ. ಬಳಿಕ ಸಲಹಾ ಮಂಡಳಿಯ ಮುಂದೆ ಹೋಗುತ್ತದೆ. ಒಳ್ಳೆಯ ಅಂಕ ಬಂದವರಿಂದ ಇನ್ನಷ್ಟು ಕಾಗದ ಕೇಳುತ್ತಾರೆ: ಬೇರೆ ಕಡೆಯಿಂದ ಬರುವ ಅನುದಾನಗಳ ವಿವರ, ಮನುಷ್ಯರ ಮೇಲಿನ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ, ಪ್ರಾಣಿಗಳ ಬಳಕೆಯಿದ್ದರೆ ಅದರ ಸಮಿತಿಯ ಒಪ್ಪಿಗೆ. ಇತರ ಅನುದಾನವನ್ನು ಮುಚ್ಚಿಟ್ಟರೆ ಅದು ಗಂಭೀರ ತಪ್ಪಾಗುತ್ತದೆ. ಇಂದು ಹಾಕಿದ ಅರ್ಜಿಯ ಹಣ ಕೈಗೆ ಬರಲು ಸಾಮಾನ್ಯವಾಗಿ ಒಂಬತ್ತು ಹತ್ತು ತಿಂಗಳಾಗುತ್ತದೆ.

ನಷ್ಟ ಯಾರಿಗೆ?

ಸರದಿ ತಪ್ಪಿದಾಗ ಹಿರಿಯ ಪ್ರಾಧ್ಯಾಪಕರ ಹುದ್ದೆ ಉಳಿಯಬಹುದು. ಅವರ ಪ್ರಯೋಗಾಲಯದಲ್ಲಿ ಅನುದಾನದ ಸಂಬಳದ ಮೇಲೆ ಇರುವ ಕಿರಿಯರ ಸ್ಥಿತಿ ಬೇರೆ. ನಾಲ್ಕು ತಿಂಗಳ ಅಂತರದಲ್ಲಿ ಅವರ ಕೆಲಸ ಹೋಗಬಹುದು. ಹೊರದೇಶದವರಿಗೆ ಕೆಲಸದ ಜೊತೆ ವೀಸಾ ಕೂಡ ಕಟ್ಟಿಕೊಂಡಿರುತ್ತದೆ. ರೋಗಿಗೆ ಉಪಯೋಗವಾಗಬಹುದಾಗಿದ್ದ ಒಂದು ಅಧ್ಯಯನವೂ ಅಷ್ಟು ಹಿಂದೆ ಬೀಳುತ್ತದೆ.

ಆದ್ದರಿಂದ ಅಲ್ಲಿಗೆ ಹೋಗುವ ಯುವಕರು ಸೇರಿದ ಮೊದಲ ವಾರವೇ ತಮ್ಮ ವಿಭಾಗದ ಅನುದಾನ ಕಚೇರಿಯ ಸಿಬ್ಬಂದಿಯನ್ನು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಆಂತರಿಕ ಗಡುವನ್ನೇ ನಿಜವಾದ ಗಡುವೆಂದು ತಿಳಿಯಬೇಕು. ಪ್ರತಿ ಅರ್ಜಿಗೂ ಹೊಸ ನಮೂನೆಯನ್ನೇ ಇಳಿಸಿಕೊಳ್ಳಬೇಕು. ಕಚೇರಿಯಿಂದ ಬಂದ ಸುತ್ತೋಲೆಯನ್ನು ಅಂದೇ ಓದಿ, ಅರ್ಥವಾಗದಿದ್ದರೆ ಕೇಳಿ ತಿಳಿಯಬೇಕು. ಹತ್ತು ನಿಮಿಷದ ಈ ಓದು ಎಷ್ಟೋ ತಿಂಗಳ ದುಡಿಮೆಯನ್ನು ಕಾಪಾಡುತ್ತದೆ.